ಗೇಣುದ್ದವೂ ಇಲ್ಲದ ರೇಸ್ ಕಾರು: ಕೊಳ್ಳುವಾಗ ಏನು ನೋಡಬೇಕು? ಟ್ರ್ಯಾಕ್‌ಗೆ ಹದ ಮಾಡೋದು ಹೇಗೆ?

ಬೇಸಿಗೆ ರಜೆ, ಹುಟ್ಟುಹಬ್ಬ, ಊರ ಜಾತ್ರೆ... ನೆಪ ಯಾವುದೇ ಇರಲಿ, ಆಟಿಕೆ ಅಂಗಡಿಯಲ್ಲಿ ಮಕ್ಕಳ ಕಣ್ಣು ಮೊದಲು ಬೀಳೋದು ರಿಮೋಟ್ ಕಾರಿನ ಮೇಲೆ. ಬಾಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿ ‘ಹೈ ಸ್ಪೀಡ್’ ಅಂತ ಬರೆದಿರುತ್ತೆ. ಮೊದಲ ದಿನ ಮನೆ ತುಂಬಾ ಸದ್ದು, ಎರಡನೇ ದಿನ ಗೋಡೆಗೆ ಡಿಕ್ಕಿ, ವಾರ ಕಳೆಯುವಷ್ಟರಲ್ಲಿ ಮುಂದಿನ ಚಕ್ರ ಕಿತ್ತುಬಂದು ಕಾರು ಮಂಚದ ಕೆಳಗೆ ಸೇರಿರುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ‘ಇದಕ್ಕೆ ಸ್ಪೇರ್ ಬರಲ್ಲ’ ಅನ್ನುವ ಉತ್ತರ. ಗಿರಾಕಿಯ ದುಡ್ಡೂ ಹೋಯಿತು, ಅಂಗಡಿಯವರ ಮೇಲಿನ ನಂಬಿಕೆಯೂ ಹೋಯಿತು.

ಇದೇ ಅಳತೆಯ ಕಾರನ್ನು ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ. ಜಪಾನ್, ಅಮೆರಿಕ, ಯುರೋಪ್‌ಗಳಲ್ಲಿ ಕೋಣೆಯೊಳಗೇ ಟ್ರ್ಯಾಕ್ ಹಾಸಿ, ಲ್ಯಾಪ್ ಎಣಿಸಿ, ನಿಯಮ ಇಟ್ಟುಕೊಂಡು ರೇಸ್ ಮಾಡುವ ಕ್ಲಬ್‌ಗಳಿವೆ. ಅಲ್ಲಿ ಕಾರು ಬಾಳಿಕೆ ಬರೋದು ವೇಗದಿಂದಲ್ಲ. ಸ್ಟೀರಿಂಗ್ ಹೇಳಿದಂತೆ ಕೇಳಬೇಕು, ಟೈರ್ ನೆಲ ಹಿಡಿಯಬೇಕು, ಮುರಿದ ಭಾಗ ಬಿಡಿಯಾಗಿ ಸಿಗಬೇಕು. ಈ ಮೂರನ್ನು ನೋಡಿ ಕೊಂಡರೆ ಹಾಕಿದ ದುಡ್ಡಿಗೆ ಮೋಸ ಇಲ್ಲ.

ಏನಿದು ಆಟ?

ಈ ವರ್ಗದ ಕಾರುಗಳ ಅಳತೆ ಸುಮಾರು 1:28. ಅಂದರೆ ನಾಲ್ಕೂವರೆ ಮೀಟರ್ ಉದ್ದದ ನಿಜವಾದ ಕಾರು ಇಲ್ಲಿ 16 ಸೆಂಟಿಮೀಟರ್‌ಗೆ ಇಳಿಯುತ್ತೆ. ಗೇಣಿಗಿಂತಲೂ ಕಡಿಮೆ. ತೂಕ 200 ಗ್ರಾಂ ಒಳಗೆ.

ಈ ಆಟಕ್ಕೆ ಗಟ್ಟಿ ನೆಲೆ ಕೊಟ್ಟಿದ್ದು ಜಪಾನಿನ ಕ್ಯೋಶೋ ಕಂಪನಿಯ ‘ಮಿನಿ-ಝಡ್’ ಕಾರು. ಅದು ಮಾರುಕಟ್ಟೆಗೆ ಬಂದದ್ದು 1999ರಲ್ಲಿ. ಇಪ್ಪತ್ತೈದು ವರ್ಷ ದಾಟಿದರೂ ಅದರ ಹೊಸ ಮಾದರಿಗಳು ಬರುತ್ತಲೇ ಇವೆ. ಟೈರ್, ಗೇರ್, ಸ್ಪ್ರಿಂಗ್, ಮುಂದಿನ ತೋಳು, ಎಲ್ಲವೂ ಬಿಡಿಯಾಗಿ ಮಾರಾಟಕ್ಕಿವೆ. ಬೇರೆ ಕಂಪನಿಗಳೂ ಇದೇ ಕಾರಿಗೆ ಹೊಂದುವ ಭಾಗ ತಯಾರಿಸುತ್ತವೆ. ಕಡಿಮೆ ಬೆಲೆಯ ಕಡೆ ಬಂದರೆ ಚೀನಾದ ಡಬ್ಲ್ಯೂಎಲ್ ಟಾಯ್ಸ್ ಕಂಪನಿಯ ಕೆ969, ಕೆ989 ಮಾದರಿಗಳು ಹೆಚ್ಚು ಕಾಣಿಸುತ್ತವೆ. ಅವೂ 1:28 ಅಳತೆಯವೇ, ನಾಲ್ಕೂ ಚಕ್ರ ತಿರುಗುವಂಥವು.

ಒಂದು ಗೊಂದಲ ಇಲ್ಲೇ ಬಗೆಹರಿಯಲಿ. ಜಪಾನಿನ ಟಮಿಯಾ ಕಂಪನಿಯ ‘ಮಿನಿ ಫೋರ್ ವೀಲ್ ಡ್ರೈವ್’ ಕಾರುಗಳು ಬೇರೆ. 1982ರಿಂದ ಇರುವ ಆ 1:32 ಅಳತೆಯ ಕಾರುಗಳಿಗೆ ರಿಮೋಟ್ ಇಲ್ಲ. ಎರಡೂ ಬದಿ ಗೋಡೆಯಿರುವ ದಾರಿಯಲ್ಲಿ ತಾವಾಗಿಯೇ ಓಡುತ್ತವೆ. ಇಲ್ಲಿ ಹೇಳುತ್ತಿರೋದು ಕೈಯಲ್ಲಿ ರಿಮೋಟ್ ಹಿಡಿದು ಓಡಿಸುವ ಕಾರಿನ ಬಗ್ಗೆ.

ಗೆಲ್ಲೋದು ಯಾರು? ಒಂದು ಸಣ್ಣ ಲೆಕ್ಕ

ರೇಸ್ ನಿಯಮ ಸರಳ. ನಿಗದಿತ ಸಮಯದಲ್ಲಿ, ಸಾಮಾನ್ಯವಾಗಿ 5ರಿಂದ 8 ನಿಮಿಷದಲ್ಲಿ, ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರೇ ಗೆದ್ದಂತೆ.

5 ನಿಮಿಷ ಅಂದರೆ 300 ಸೆಕೆಂಡ್. ಒಬ್ಬ ಹುಡುಗ ಸುತ್ತಿಗೆ 10 ಸೆಕೆಂಡ್‌ನಂತೆ ಜೋರಾಗಿ ಓಡಿಸುತ್ತಾನೆ, ಆದರೆ ಆರು ಸಲ ಗೋಡೆಗೆ ಗುದ್ದುತ್ತಾನೆ. ಪ್ರತಿ ಸಲ 4 ಸೆಕೆಂಡ್ ಹಾಳಾದರೆ ಒಟ್ಟು 24 ಸೆಕೆಂಡ್ ಹೋಯಿತು. ಉಳಿದ 276 ಸೆಕೆಂಡ್‌ನಲ್ಲಿ ಅವನ ಲೆಕ್ಕಕ್ಕೆ 27 ಸುತ್ತು. ಇನ್ನೊಬ್ಬಳು ಸುತ್ತಿಗೆ ಹತ್ತೂವರೆ ಸೆಕೆಂಡ್ ತಗೊಂಡರೂ ಎಲ್ಲೂ ಗುದ್ದೋದಿಲ್ಲ. ಅವಳದು 28 ಸುತ್ತು. ನಿಧಾನದ ಕಾರು ಗೆದ್ದಿತು.

ವೇಗದ ಕಥೆಯೂ ಇಷ್ಟೇ. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. 20 ಅಡಿ ಉದ್ದದ ಹಾಲ್ ಒಂದು ಸೆಕೆಂಡ್ ಚಿಲ್ಲರೆಯಲ್ಲಿ ಮುಗಿದೇ ಹೋಗುತ್ತೆ. ಅದಕ್ಕಿಂತ ಜೋರಾಗಿ ಓಡುವ ಕಾರು ಮೈದಾನಕ್ಕೆ ಸರಿ, ಕೋಣೆಯೊಳಗೆ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ಬಾಕ್ಸ್ ಮೇಲಿನ ಕಿಲೋಮೀಟರ್ ನೋಡಿ ಕಾರು ಆರಿಸೋದು ಬೇಡ.

ಕೌಂಟರ್ ಮೇಲೆಯೇ ಮಾಡಬಹುದಾದ ಪರೀಕ್ಷೆ

ಅರ್ಧ ತಿರುಗಿಸಿ ನೋಡಿ: ರಿಮೋಟ್‌ನ ಸ್ಟೀರಿಂಗ್ ಚಕ್ರವನ್ನು ಅರ್ಧ ಮಾತ್ರ ತಿರುಗಿಸಬೇಕು. ಕಾರಿನ ಮುಂದಿನ ಚಕ್ರಗಳೂ ಅರ್ಧವೇ ತಿರುಗಿದರೆ ಅದು ‘ಪ್ರೊಪೋರ್ಷನಲ್’ ಕಂಟ್ರೋಲ್. ಅರ್ಧ ತಿರುಗಿಸಿದರೂ ಚಕ್ರ ಪೂರ್ತಿ ಒಂದು ಬದಿಗೆ ಹೊರಳಿದರೆ, ಅದು ಬರೀ ಆನ್-ಆಫ್ ಆಟಿಕೆ. ಆಕ್ಸಿಲರೇಟರ್ ಟ್ರಿಗರ್‌ಗೂ ಇದೇ ಪರೀಕ್ಷೆ. ಸ್ವಲ್ಪ ಒತ್ತಿದರೆ ಸ್ವಲ್ಪವೇ ಓಡಬೇಕು. ಈ ಪರೀಕ್ಷೆಯಲ್ಲಿ ಫೇಲ್ ಆದ ಕಾರು ಎಷ್ಟೇ ಚೆಂದ ಇದ್ದರೂ ರೇಸ್‌ಗೆ ಬರೋದಿಲ್ಲ.

ಎರಡು ಕಾರು ಒಟ್ಟಿಗೆ ಓಡಿಸಿ: ಹಳೆಯ ಕಾಲದ 27 ಮೆಗಾಹರ್ಟ್ಸ್ ರಿಮೋಟ್‌ಗಳಲ್ಲಿ ಒಂದೇ ತರಹದ ಎರಡು ಕಾರು ಪಕ್ಕಪಕ್ಕ ಇಟ್ಟರೆ ಒಂದರ ರಿಮೋಟ್‌ಗೆ ಇನ್ನೊಂದೂ ಓಡುತ್ತೆ. ಅಣ್ಣ ತಮ್ಮನಿಗೆ ಒಂದೊಂದು ತಂದ ಮನೆಗಳಲ್ಲಿ ಜಗಳ ಶುರುವಾಗೋದೇ ಇಲ್ಲಿ. 2.4 ಗಿಗಾಹರ್ಟ್ಸ್‌ನ ಹಾಬಿ ರಿಮೋಟ್‌ಗಳಲ್ಲಿ ಕಾರು ಮತ್ತು ರಿಮೋಟ್ ಒಂದಕ್ಕೊಂದು ಜೋಡಿಯಾಗಿರುತ್ತವೆ. ಹತ್ತು ಜನ ಒಟ್ಟಿಗೆ ಓಡಿಸಿದರೂ ಗೊಂದಲವಿಲ್ಲ.

ಮುರಿಯುವ ಭಾಗದ ಹೆಸರು ಹೇಳಿ ಕೇಳಿ: ಗುದ್ದಿದಾಗ ಮೊದಲು ಹೋಗೋದು ಮುಂದಿನ ಚಕ್ರ ಹಿಡಿಯುವ ತೋಳು ಮತ್ತು ನಕಲ್. ಆಮೇಲೆ ಸ್ಟೀರಿಂಗ್ ಗೇರ್. ‘ಇದಕ್ಕೆ ಮುಂದಿನ ತೋಳು, ಟೈರ್, ಪಿನಿಯನ್ ಗೇರ್ ಬಿಡಿಯಾಗಿ ಸಿಗುತ್ತಾ?’ ಅಂತ ಕೊಳ್ಳುವ ಮುಂಚೆಯೇ ಕೇಳಬೇಕು. ಸಿಗಲ್ಲ ಅಂದರೆ ಆ ಕಾರಿನ ಆಯಸ್ಸು ಮೊದಲ ಪೆಟ್ಟಿನವರೆಗೆ ಮಾತ್ರ.

ಹಿಂದಿನ ಚಕ್ರವೋ, ನಾಲ್ಕೂ ಚಕ್ರವೋ?

ಹಿಂದಿನ ಎರಡು ಚಕ್ರ ಮಾತ್ರ ತಿರುಗುವ ಕಾರು ಹಗುರ, ಭಾಗಗಳು ಕಡಿಮೆ. ಮಿನಿ-ಝಡ್ ಎಂಆರ್ ಸರಣಿ ಈ ಬಗೆಯದು. ಹಿಡಿತ ಚೆನ್ನಾಗಿರುವ ಫೋಮ್ ಟ್ರ್ಯಾಕ್ ಮೇಲೆ ಇದು ಸೊಗಸಾಗಿ ತಿರುಗುತ್ತೆ. ನುಣುಪು ನೆಲದ ಮೇಲೆ ಮಾತ್ರ ಟ್ರಿಗರ್ ಸ್ವಲ್ಪ ಜಾಸ್ತಿ ಒತ್ತಿದರೂ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತೆ.

ನಾಲ್ಕೂ ಚಕ್ರ ತಿರುಗುವ ಕಾರು ಕಲಿಯುವವರಿಗೆ ಸಲೀಸು. ಮನೆಯ ಟೈಲ್ಸ್ ನೆಲದ ಮೇಲೂ ಒಂದು ಮಟ್ಟಕ್ಕೆ ಮಾತು ಕೇಳುತ್ತೆ. ಆದರೆ ಒಳಗೆ ಗೇರ್, ಶಾಫ್ಟ್ ಹೆಚ್ಚು. ಕೂದಲು, ದಾರ ಸಿಕ್ಕಿಕೊಂಡರೆ ಬಿಚ್ಚುವ ಕೆಲಸವೂ ಹೆಚ್ಚು.

ಸರಿಯಾದ ಟ್ರ್ಯಾಕ್ ಇದ್ದರೆ ಹಿಂಚಕ್ರದ ಕಾರು, ಮನೆಯ ಹಾಲ್‌ನಲ್ಲೇ ಶುರು ಮಾಡೋದಾದರೆ ನಾಲ್ಕು ಚಕ್ರದ ಕಾರು. ‘ಡ್ರಿಫ್ಟ್’ ಅಂತ ಬರೆದಿರುವ ಮಾದರಿಗಳ ಬಗ್ಗೆ ಮಾತ್ರ ಎಚ್ಚರ. ಅವುಗಳಿಗೆ ಬೇಕಂತಲೇ ಜಾರುವ ಗಟ್ಟಿ ಪ್ಲಾಸ್ಟಿಕ್ ಟೈರ್ ಹಾಕಿರುತ್ತಾರೆ. ಕೆ969 ಅಂಥದ್ದು. ಅದೇ ಬಗೆಯ ಚಾಸಿಯ ಕೆ989ಕ್ಕೆ ರಬ್ಬರ್ ಟೈರ್ ಬರುತ್ತೆ. ರೇಸ್‌ಗೆ ಬೇಕಾದದ್ದು ರಬ್ಬರ್.

ಮಿನಿ-ಝಡ್ ಕೊಳ್ಳುವವರು ಇನ್ನೊಂದು ಅಳತೆ ನೋಡಬೇಕು. ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರ 86, 90, 94, 98 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತೆ. ಬಾಡಿ ಬದಲಿಸುವಾಗ ಈ ಅಳತೆ ಹೊಂದದಿದ್ದರೆ ಬಾಡಿ ಕೂರೋದಿಲ್ಲ. ಉದ್ದದ ಕಾರು ನೇರ ದಾರಿಯಲ್ಲಿ ಅಲುಗಾಡದೆ ಸ್ಥಿರವಾಗಿ ಹೋಗುತ್ತೆ, ಗಿಡ್ಡ ಕಾರು ಇಕ್ಕಟ್ಟಿನ ತಿರುವಿನಲ್ಲಿ ಚುರುಕು. ಹೊಸಬರಿಗೆ ಉದ್ದ, ಅಗಲ, ತಗ್ಗು ಬಾಡಿಯೇ ಒಳ್ಳೆಯದು. ಎತ್ತರದ ಜೀಪ್, ವ್ಯಾನ್ ಬಾಡಿಗಳು ಮಗುಚೋದು ಜಾಸ್ತಿ.

ಸೆಲ್ ಮತ್ತು ಬ್ಯಾಟರಿ

ಮಿನಿ-ಝಡ್‌ಗೆ ಟಿವಿ ರಿಮೋಟ್‌ಗೆ ಹಾಕುವಂಥ ಸಣ್ಣ ಎಎಎ ಸೆಲ್ ನಾಲ್ಕು ಬೇಕು. ಬಿಸಾಡುವ ಸೆಲ್ ಹಾಕಿದರೆ ಪ್ರತಿ ವಾರ ಖರ್ಚು. ಮೇಲಾಗಿ ಮೋಟಾರ್ ಜೋರಾಗಿ ಎಳೆಯುವಾಗ ಅದರ ವೋಲ್ಟೇಜ್ ಕುಸಿಯುತ್ತೆ. ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಲಾ 1.2 ವೋಲ್ಟ್, ನಾಲ್ಕಕ್ಕೆ 4.8 ವೋಲ್ಟ್. ಓದೋಕೆ ಕಡಿಮೆ ಅನ್ನಿಸಿದರೂ ರೇಸ್ ಪೂರ್ತಿ ಅದು ಬಲ ಕಾಯ್ದುಕೊಳ್ಳುತ್ತೆ. ಎರಡು ಸೆಟ್ ಇಟ್ಟುಕೊಂಡರೆ ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗುತ್ತೆ.

ನಾಲ್ಕೂ ಸೆಲ್ ಒಂದೇ ಕಂಪನಿ, ಒಂದೇ ಸಾಮರ್ಥ್ಯ, ಒಂದೇ ವಯಸ್ಸಿನವು ಆಗಿರಬೇಕು. ಮೂರು ಹೊಸತು ಒಂದು ಹಳತು ಹಾಕಿದರೆ, ಒಂದು ಎತ್ತು ಸೋತ ಗಾಡಿಯ ಹಾಗೆ ಎಲ್ಲವೂ ಅದರ ಮಟ್ಟಕ್ಕೇ ಇಳಿಯುತ್ತವೆ. ಒಂದೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ಚಾರ್ಜ್ ಮಾಡುವ ಚಾರ್ಜರ್ ಮೇಲು.

ಡಬ್ಲ್ಯೂಎಲ್ ಟಾಯ್ಸ್ ಮಾದರಿಗಳಲ್ಲಿ 7.4 ವೋಲ್ಟ್‌ನ ಲಿಥಿಯಂ ಬ್ಯಾಟರಿ ಇರುತ್ತೆ. ಬಲ ಹೆಚ್ಚು, ಜವಾಬ್ದಾರಿಯೂ ಹೆಚ್ಚು. ಅದರದೇ ಚಾರ್ಜರ್ ಬಳಸಬೇಕು. ಓಡಿಸಿದ ತಕ್ಷಣ ಬಿಸಿ ಇರುವಾಗ ಚಾರ್ಜ್‌ಗೆ ಹಾಕಬಾರದು. ರಾತ್ರಿ ಚಾರ್ಜ್‌ಗಿಟ್ಟು ಮಲಗೋದು, ಹಾಸಿಗೆ ಮೇಲೆ ಇಟ್ಟು ಚಾರ್ಜ್ ಮಾಡೋದು ಎರಡೂ ಬೇಡ. ಬ್ಯಾಟರಿ ಉಬ್ಬಿದ್ದರೆ ಮತ್ತೆ ಬಳಸಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಮೊದಲ ಹದ ಟೈರ್‌ನದು

ಕೇರಂ ಬೋರ್ಡ್ ಮೇಲೆ ಪೌಡರ್ ಉದುರಿಸಿದರೆ ಸ್ಟ್ರೈಕರ್ ಹೇಗೆ ಜಾರುತ್ತೋ, ನೆಲದ ಧೂಳಿನ ಮೇಲೆ ಟೈರ್ ಹಾಗೇ ಜಾರುತ್ತೆ. ಹಾಗಾಗಿ ಟ್ಯೂನಿಂಗ್ ಅಂದರೆ ಮೊದಲು ಸ್ವಚ್ಛತೆ. ಟ್ರ್ಯಾಕ್ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಬೇಕು. ಟೈರ್‌ಗಳನ್ನು ಮಾಸ್ಕಿಂಗ್ ಟೇಪಿನ ಅಂಟು ಬದಿಯ ಮೇಲೆ ಉರುಳಿಸಿದರೆ ಧೂಳು ಕಿತ್ತುಬರುತ್ತೆ. ಎಣ್ಣೆ ಕೈಯಲ್ಲಿ ಟೈರ್ ಮುಟ್ಟಬಾರದು.

ಟೈರ್‌ಗಳ ಗಡಸುತನಕ್ಕೆ ಡಿಗ್ರಿ ಲೆಕ್ಕ ಇದೆ. 20 ಅಂದರೆ ಮೆತ್ತಗೆ, 40 ಅಂದರೆ ಗಟ್ಟಿ. ಮೆತ್ತನೆಯದಕ್ಕೆ ಹಿಡಿತ ಜಾಸ್ತಿ, ಸವೆತವೂ ಜಾಸ್ತಿ. ಹಿಂಚಕ್ರದ ಕಾರಿಗೆ ಹಿಂದೆ ಮೆತ್ತನೆ, ಮುಂದೆ ಗಟ್ಟಿ ಟೈರ್ ಹಾಕೋದು ರೂಢಿ. ಹಿಂಭಾಗ ನೆಲಕ್ಕೆ ಕಚ್ಚಿಕೊಂಡರೆ ಕಾರು ಗಿರಕಿ ಹೊಡೆಯೋದಿಲ್ಲ. ತಿರುವಿನಲ್ಲಿ ಟೈರ್ ರಿಮ್‌ನಿಂದ ಜಾರದಂತೆ ತೆಳು ಡಬಲ್ ಸೈಡ್ ಟೇಪ್ ಅಥವಾ ಅಂಟು ಹಾಕಿ ಕೂರಿಸುತ್ತಾರೆ.

ಕಾರು ಮಾತು ಕೇಳದಿದ್ದರೆ ಏನು ಮಾಡಬೇಕು?

ಒಂದು ನಿಯಮ ಮರೆಯಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿದ ಮೇಲೆ ಹತ್ತು ಸುತ್ತು ಓಡಿಸಿ, ಸಮಯ ಬರೆದುಕೊಂಡು, ಆಮೇಲೆ ಮುಂದಿನದು. ಮೂರು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗೋದಿಲ್ಲ.

ನೇರ ಹೋಗದೆ ಒಂದು ಬದಿಗೆ ಎಳೆದರೆ: ರಿಮೋಟ್‌ನ ಸ್ಟೀರಿಂಗ್ ಟ್ರಿಮ್ ಸರಿ ಮಾಡಬೇಕು. ಆಗಲೂ ಎಳೆದರೆ ಮುಂದಿನ ತೋಳು ಬಾಗಿದೆಯಾ, ಯಾವುದಾದರೂ ಚಕ್ರ ಬಿಗಿಯಾಗಿದೆಯಾ ನೋಡಬೇಕು.

ತಿರುಗಿಸಿದರೂ ಮೂತಿ ತಿರುಗದೆ ಗೋಡೆ ಕಡೆ ಹೋದರೆ: ಮುಂದಿನ ಹಿಡಿತ ಸಾಲದು. ಮುಂದೆ ಸ್ವಲ್ಪ ಮೆತ್ತನೆ ಟೈರ್ ಅಥವಾ ಮೆತ್ತನೆ ಸ್ಪ್ರಿಂಗ್ ಹಾಕಬೇಕು. ಅದಕ್ಕೂ ಮುಂಚೆ, ತಿರುವಿಗೆ ಬರುವಾಗ ಟ್ರಿಗರ್ ಬಿಟ್ಟು ನೋಡಬೇಕು. ಎಷ್ಟೋ ಸಲ ತಪ್ಪು ಕಾರಿನದಲ್ಲ, ಬೆರಳಿನದು.

ಹಿಂಭಾಗ ಜಾರಿ ಗಿರಕಿ ಹೊಡೆದರೆ: ಹಿಂದಿನ ಹಿಡಿತ ಸಾಲದು. ಹಿಂದಿನ ಟೈರ್ ಸ್ವಚ್ಛ ಮಾಡಿ, ಆಗಲೂ ಜಾರಿದರೆ ಮೆತ್ತನೆಯದು ಹಾಕಬೇಕು. ಮಿನಿ-ಝಡ್‌ನ ಹಿಂಚಕ್ರ ಮಾದರಿಯಲ್ಲಿ ಮೋಟಾರ್ ಭಾಗವನ್ನು ಚಾಸಿಗೆ ಜೋಡಿಸುವ ತೆಳು ಹಲಗೆ ಇದೆ, ಅದಕ್ಕೆ ಟಿ ಪ್ಲೇಟ್ ಅಂತಾರೆ. ಅದು ಬಳುಕುವಂಥದ್ದಾದರೆ ಹಿಂದಿನ ಹಿಡಿತ ಹೆಚ್ಚುತ್ತೆ, ಬಿಗಿಯಾದದ್ದಾದರೆ ಕಾರು ಚುರುಕಾಗಿ ತಿರುಗುತ್ತೆ.

ತಿರುವಿನಲ್ಲಿ ಮಗುಚಿದರೆ: ಹಿಡಿತವೇ ಅತಿಯಾಗಿದೆ ಅಂತ ಅರ್ಥ. ಮುಂದಿನ ಟೈರ್ ಗಟ್ಟಿಯದು ಹಾಕಬೇಕು, ಕಾರಿನ ಎತ್ತರ ತಗ್ಗಿಸಬೇಕು, ಹಗುರ ಬಾಡಿ ಹಾಕಬೇಕು.

ಮೊದಲು ಚೆನ್ನಾಗಿ ಓಡಿ ಆಮೇಲೆ ಸೊರಗಿದರೆ: ಸೆಲ್ ಇಳಿದಿರಬೇಕು, ಇಲ್ಲವೇ ಆಕ್ಸಲ್‌ಗೆ ಕೂದಲು ಸುತ್ತಿರಬೇಕು. ಬೆರಳಲ್ಲಿ ತಳ್ಳಿದರೆ ಚಕ್ರ ಸಲೀಸಾಗಿ ತಿರುಗಬೇಕು.

ಗೇರ್ ಲೆಕ್ಕ

ಮೋಟಾರ್ ತುದಿಯಲ್ಲಿರುವ ಸಣ್ಣ ಹಲ್ಲುಚಕ್ರವೇ ಪಿನಿಯನ್. ಮಿನಿ-ಝಡ್‌ನಲ್ಲಿ 6ರಿಂದ 9 ಹಲ್ಲಿನವು ಸಾಮಾನ್ಯ. ಆಕ್ಸಲ್ ಮೇಲಿನ ದೊಡ್ಡ ಚಕ್ರಕ್ಕೆ 44 ಹಲ್ಲು ಇದ್ದು ಪಿನಿಯನ್‌ಗೆ 8 ಇದ್ದರೆ, ಮೋಟಾರ್ ಐದೂವರೆ ಸುತ್ತು ತಿರುಗಿದಾಗ ಆಕ್ಸಲ್ ಒಂದು ಸುತ್ತು. 6 ಹಲ್ಲಿನದಾದರೆ ಏಳಕ್ಕೂ ಹೆಚ್ಚು ಸುತ್ತು ಬೇಕು. ಹಲ್ಲು ಕಡಿಮೆಯಾದಷ್ಟೂ ತಿರುವಿನಿಂದ ಎದ್ದು ಓಡುವ ಜೋರು ಹೆಚ್ಚು, ಹಲ್ಲು ಹೆಚ್ಚಾದಷ್ಟೂ ಕೊನೆಯ ವೇಗ ಹೆಚ್ಚು. ಇಕ್ಕಟ್ಟಿನ ಟ್ರ್ಯಾಕ್‌ಗೆ ಚಿಕ್ಕ ಪಿನಿಯನ್ನೇ ಸರಿ. ಜೋರು ಮೋಟಾರ್‌ಗೆ ದೊಡ್ಡ ಪಿನಿಯನ್ ಹಾಕಿದರೆ ಮೋಟಾರ್ ಮುಟ್ಟಲಾರದಷ್ಟು ಕಾಯುತ್ತೆ.

ಹೊಸದಾಗಿ ಕಲಿಯುವವರು ಮೋಟಾರ್ ಬದಲಿಸೋದು ಕೊನೆಯ ಕೆಲಸವಾಗಿರಲಿ. ರಿಮೋಟ್‌ನಲ್ಲಿ ಸ್ಟೀರಿಂಗ್ ಎಷ್ಟು ತಿರುಗಬೇಕು ಅಂತ ಮಿತಿ ಹಾಕುವ ‘ಡ್ಯುಯಲ್ ರೇಟ್’ ಗುಂಡಿ ಇದ್ದರೆ, ಮೊದಲು ಅದನ್ನು ಕಡಿಮೆ ಮಾಡಿ ಓಡಿಸಬೇಕು. ಒಂದು ರೂಪಾಯಿ ಖರ್ಚಿಲ್ಲದೆ ಗುದ್ದೋದು ಅರ್ಧಕ್ಕೆ ಇಳಿದರೂ ಅಚ್ಚರಿಯಿಲ್ಲ.

ಟ್ರ್ಯಾಕ್ ಊರಲ್ಲೇ ಮಾಡಬಹುದಾ?

ಹೊರದೇಶಗಳ ಕ್ಲಬ್‌ಗಳಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಆರ್‌ಸಿಪಿ ಫೋಮ್ ಟೈಲ್‌ಗಳನ್ನು ಹೆಚ್ಚು ಬಳಸುತ್ತಾರೆ. ಕೆಲವೆಡೆ ಕಾರ್ಪೆಟ್. ಊರಲ್ಲಿ ಶುರು ಮಾಡೋಕೆ ಅಂಗನವಾಡಿ, ಜಿಮ್‌ಗಳಲ್ಲಿ ಹಾಸುವಂಥ ಕಚ್ಚು ಫೋಮ್ ಮ್ಯಾಟ್ ಸಾಕು. 15 ಅಡಿ ಅಗಲ, 20 ಅಡಿ ಉದ್ದದ ಜಾಗ ಇದ್ದರೆ ಒಳ್ಳೆಯ ಸುತ್ತು ಬರುತ್ತೆ. ದಾರಿಯ ಅಗಲ ಕನಿಷ್ಠ ಎರಡು ಅಡಿ ಇರಲಿ. ಬದಿಗೆ ಗಟ್ಟಿ ಮರದ ಪಟ್ಟಿ ಬೇಡ, ಎಸಿ ಪೈಪಿಗೆ ಸುತ್ತುವ ಮೆತ್ತನೆ ಫೋಮ್ ಕೊಳವೆ ಇಟ್ಟರೆ ಕಾರು ಉಳಿಯುತ್ತೆ. ನುಣುಪು ವಿಟ್ರಿಫೈಡ್ ಟೈಲ್ಸ್ ಮೇಲೆ ನೇರವಾಗಿ ರೇಸ್ ಮಾಡೋದು ಜಾರುಬಂಡೆ ಆಟವಾಗುತ್ತೆ, ಅಷ್ಟೇ.

ದೊಡ್ಡ ಕ್ಲಬ್‌ಗಳಲ್ಲಿ ಕಾರಿನೊಳಗೆ ಟ್ರಾನ್ಸ್‌ಪಾಂಡರ್ ಇಟ್ಟು ಕಂಪ್ಯೂಟರ್ ಸುತ್ತು ಎಣಿಸುತ್ತೆ. ಇಲ್ಲಿ ಮೊಬೈಲ್ ಸ್ಟಾಪ್‌ವಾಚ್ ಮತ್ತು ಒಂದು ನೋಟ್‌ಬುಕ್ ಸಾಕು. ಆ ಕ್ಲಬ್‌ಗಳ ಒಂದು ಪದ್ಧತಿ ಮಾತ್ರ ಮೊದಲ ದಿನದಿಂದಲೇ ತರಬೇಕು. ಒಂದು ರೇಸ್ ಓಡಿಸಿ ಮುಗಿಸಿದವರು ಮುಂದಿನ ರೇಸ್‌ನಲ್ಲಿ ತಿರುವುಗಳ ಹತ್ತಿರ ನಿಂತು, ಮಗುಚಿದ ಕಾರುಗಳನ್ನು ಎತ್ತಿಡುತ್ತಾರೆ. ಸೋತವರ ಕಾರನ್ನು ಗೆದ್ದವರು ಎತ್ತಿಡುವ ಆಟ ಇದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಅಂಗಡಿಯವರು ಗಮನಿಸಬೇಕಾದದ್ದು

ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಬ್ಯಾಟರಿಯಲ್ಲಿ ಓಡುವ ಆಟಿಕೆಗಳಿಗೆ ಅನ್ವಯಿಸುವ ಮಾನದಂಡ ಐಎಸ್ 15644. ಬಾಕ್ಸ್ ಮೇಲಿನ ಲೈಸೆನ್ಸ್ ಸಂಖ್ಯೆ ಅಸಲಿಯೋ ಅಲ್ಲವೋ ಅಂತ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಹಾಬಿ ಕಾರುಗಳ ಬಾಕ್ಸ್ ಮೇಲೆ ಎಷ್ಟೋ ಸಲ ‘14 ವರ್ಷ ಮೇಲ್ಪಟ್ಟವರಿಗೆ’ ಅಂತ ಇರುತ್ತೆ. ಅಂಥದ್ದನ್ನು ಏಳು ವರ್ಷದ ಮಗುವಿಗೆ ಅಂತ ಕೇಳಿದವರಿಗೆ ಸುಮ್ಮನೆ ಕಟ್ಟಿಕೊಡೋದು ಸರಿಯಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ರಿಮೋಟ್ ಬಳಸೋಕೆ ಲೈಸೆನ್ಸ್ ಬೇಡ. ಆದರೆ ವಿದೇಶದಿಂದ ತರಿಸಿ ಮಾರುವವರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಇಟಿಎ ಅನುಮೋದನೆ ಬೇಕು. ಹೋಲ್‌ಸೇಲ್‌ನವರಿಂದ ಬಿಲ್ ಇಲ್ಲದೆ ಮಾಲು ತಗೊಳ್ಳೋದು ಅಪಾಯ.

ವ್ಯಾಪಾರದ ಮಾತಿಗೆ ಬಂದರೆ, ಹತ್ತು ಬಗೆಯ ಕಾರು ಒಂದೊಂದು ಇಡೋದಕ್ಕಿಂತ ಒಂದೇ ಬಗೆಯ ಕಾರು ನಾಲ್ಕೈದು ಇಟ್ಟು, ಜೊತೆಗೆ ಅದರ ಟೈರ್, ಮುಂದಿನ ತೋಳು, ಪಿನಿಯನ್, ಸ್ಕ್ರೂ, ರೀಚಾರ್ಜ್ ಸೆಲ್ ಇಟ್ಟರೆ ಗಿರಾಕಿ ಮತ್ತೆ ಮತ್ತೆ ಬರುತ್ತಾರೆ. ಒಂದೇ ಬಗೆಯ ಕಾರು ಇದ್ದರೆ ಮಕ್ಕಳ ಮಧ್ಯೆ ರೇಸ್ ಕೂಡ ಸಮಬಲದ್ದಾಗುತ್ತೆ.

ದುಡ್ಡು ಕೊಡುವ ಮುನ್ನ ಒಮ್ಮೆ ನೋಡಿ

- ಸ್ಟೀರಿಂಗ್ ಅರ್ಧ ತಿರುಗಿಸಿದರೆ ಚಕ್ರ ಅರ್ಧವೇ ತಿರುಗುತ್ತಾ?
- ರಿಮೋಟ್ 2.4 ಗಿಗಾಹರ್ಟ್ಸ್‌ನದಾ? ಎರಡು ಕಾರು ಒಟ್ಟಿಗೆ ಓಡುತ್ತವಾ?
- ಮುಂದಿನ ತೋಳು, ಟೈರ್, ಪಿನಿಯನ್ ಬಿಡಿಯಾಗಿ ಎಲ್ಲಿ ಸಿಗುತ್ತೆ?
- ಟೈರ್ ರಬ್ಬರಿನದಾ, ಡ್ರಿಫ್ಟ್ ಪ್ಲಾಸ್ಟಿಕ್ಕಾ?
- ಬ್ಯಾಟರಿ ಯಾವುದು? ಚಾರ್ಜರ್ ಬಾಕ್ಸ್‌ನಲ್ಲೇ ಇದೆಯಾ?
- ಚಿಕ್ಕ ಮಕ್ಕಳಿಗಾದರೆ ಐಎಸ್‌ಐ ಗುರುತು ಇದೆಯಾ?
- ಓಡಿಸುವ ಜಾಗ ಯಾವುದು? ಫೋಮ್ ಮ್ಯಾಟಾ, ಮನೆಯ ಟೈಲ್ಸಾ?
- ಬಿಲ್ ಕೊಡುತ್ತಾರಾ?

ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆ ಬಣ್ಣ ಯಾವುದು ಬೇಕು ಅಂತ ಮಗುವನ್ನು ಕೇಳಿದರೆ ಆಯಿತು.